ಎಡಗಡೆಯ ಕಿಟಕಿ

ತಾಷ್ಕೆಂಟಿನಿಂದ ಸಿಯೋಲಿಗೆ ಎಷ್ಟು ದೂರ ಮಗಳೇ
ಎಂದು ಕೇಳಿದಳು ಕ್ಲಾರಾ ಖೆಗಾಯ್,
ಕುಯ್ಲುಕ್ ಸಂತೆಯಲ್ಲಿ ಗಜ್ಜರಿ ಹೆಚ್ಚಿ
ಖಾರ ಕಲಸಿ ಮಾರುವವಳು.
ಬೆರಳ ತುದಿ ಕೆಂಪು. ಮೆಣಸಿನ ಘಾಟು
ಗಾಜಿನ ತೂತಿನಿಂದ ಒಳಗೆ ಬಂದು
ಕಂಪ್ಯೂಟರಿಗೇ ಸೀನು ಬರಬೇಕು.

ನನಗದು ಬಾಯಿಪಾಠ. ಹನ್ನೊಂದು ವರ್ಷದಿಂದ
ಇದೇ ಕುರ್ಚಿ, ಇದೇ ಪ್ರಶ್ನೆ.
ನಾಲ್ಕು ಸಾವಿರದ ಒಂಬೈನೂರು ಕಿಲೋಮೀಟರು, ಹೆಚ್ಚುಕಮ್ಮಿ.
ಹೋಗುವಾಗ ಆರೂವರೆ ಗಂಟೆ,
ಬರುವಾಗ ಏಳೂವರೆ, ಗಾಳಿ ಎದುರು.
ಗಡಿಯಾರ ನಾಲ್ಕು ಗಂಟೆ ಮುಂದೆ ತಿರುಗಿಸಿಕೊಳ್ಳಿ ಅಜ್ಜಿ,
ವಾಪಸು ಬಂದಾಗ ಆ ನಾಲ್ಕೂ ನಿಮ್ಮ ಕೈಗೇ,
ಚಿಲ್ಲರೆ ಎಣಿಸಿ ಕೊಟ್ಟ ಹಾಗೆ.

ಆಕೆ ನಗಲಿಲ್ಲ.
ಅನ್ಸಾನಿನಲ್ಲಿ ಮೊಮ್ಮಗಳ ಕೂಸಿಗೆ
ಮುಂದಿನ ಮಂಗಳವಾರ ನೂರು ದಿನ ತುಂಬುತ್ತದೆ, ಅದಕ್ಕೆ ಹೊರಟಿದ್ದೇನೆ ಅಂದಳು.
ಆಮೇಲೆ ಚೀಲದಲ್ಲಿ ಪಾಸ್‌ಪೋರ್ಟ್ ತಡಕುತ್ತ,
ಯಾರಿಗೋ ಹೇಳುವವಳಂತೆ:
ನಮ್ಮವ್ವ ಬರುವಾಗ ಮೂವತ್ತನಾಲ್ಕು ದಿನ ಹಿಡಿದಿತ್ತು.

ಮೂವತ್ತೇಳನೇ ಇಸವಿ, ಎಲೆ ಉದುರುವ ಕಾಲ.
ವ್ಲಾದಿವೊಸ್ತೋಕಿನ ಆಚೆ ಒಂದು ಹಳ್ಳಿ.
ಸಿಪಾಯಿ ಬಂದು ಒಂದು ವಾರ ಕೊಟ್ಟ,
ಭತ್ತ ಇನ್ನೂ ಗದ್ದೆಯಲ್ಲೇ ಇತ್ತು.
ದನ ಸಾಗಿಸುವ ಡಬ್ಬಿ. ಐದು ಮನೆಯವರಿಗೆ ಒಂದು ಒಲೆ.
ಬೀಜದ ಭತ್ತವನ್ನು ಬಸುರಿಯ ಹಾಗೆ
ಹೊಟ್ಟೆಗೆ ಕಟ್ಟಿಕೊಂಡಿದ್ದಳಂತೆ ಅತ್ತೆ,
ನಿಜದ ಕೂಸು ಅವ್ವನ ಮಡಿಲಲ್ಲಿ.
ನನ್ನ ಅಣ್ಣ. ನಲವತ್ತು ದಿನದ ಅಣ್ಣ.
ನೂರು ದಿನ ತುಂಬಲಿ, ಆಮೇಲೆ ಹೆಸರು ಎಂದಿದ್ದ ತಾತ.

ರೈಲು ಮನಸ್ಸು ಬಂದಲ್ಲಿ ನಿಲ್ಲುತ್ತಿತ್ತು.
ನಿಂತಷ್ಟು ಹೊತ್ತಿನಲ್ಲೇ ನೀರು,
ನಿಂತಷ್ಟು ಹೊತ್ತಿನಲ್ಲೇ ಬೇಯಿಸಿದ್ದು,
ನಿಂತಷ್ಟು ಹೊತ್ತಿನಲ್ಲೇ ಮಣ್ಣು ಮಾಡಿದ್ದು.
ಯಾವ ಊರು ಅಜ್ಜಿ?
ಊರೇ ಇಲ್ಲ. ಬಲಕ್ಕೆ ದೊಡ್ಡ ಕೆರೆ ಇತ್ತಂತೆ,
ಅಂಚಿನಲ್ಲಿ ಉಪ್ಪು, ಬೆಳ್ಳಗೆ.
ಅಷ್ಟೇ ಗುರುತು.

ನಮ್ಮ ಉಜ್ಬೆಕ್ ನುಡಿಯಲ್ಲಿ ಹಳೆಯ ಅಳತೆಯೊಂದಿದೆ, ಚಾಕಿರಿಮ್:
ಒಬ್ಬ ಕೂಗಿದರೆ ಇನ್ನೊಬ್ಬನ ಕಿವಿಗೆ ಬೀಳುವಷ್ಟು ದೂರ.
ಕೂಗಳತೆ.
ನನ್ನಜ್ಜ ಕುರಿ ಕಾಯುವಾಗ ಭೂಮಿಯನ್ನೆಲ್ಲ
ಗಂಟಲಿನಲ್ಲೇ ಅಳೆಯುತ್ತಿದ್ದ.
ಹೆಸರಿಡದ ಕೂಸನ್ನು
ಏನೆಂದು ಕೂಗಿ ಅಳೆಯುವುದು?

ಎಡಗಡೆಯ ಕಿಟಕಿ ಕೊಡು ಎಂದಳು.
ವಿಮಾನ ರಾತ್ರಿ ಹತ್ತೂಕಾಲಿಗೆ ಅಜ್ಜಿ,
ಏನೂ ಕಾಣುವುದಿಲ್ಲ, ರೆಕ್ಕೆಯ ಕೆಂಪು ದೀಪ ಬಿಟ್ಟರೆ.
ನೋಡುವುದಕ್ಕಲ್ಲವೇ, ಅಂದಳು.
ಕೆರೆ ಉತ್ತರಕ್ಕಿದೆ.
ಅವನಿಗೆ ಬೆನ್ನು ಹಾಕಿ ಹೋಗಬಾರದು.

ಇಪ್ಪತ್ತಮೂರು ಎ.
ಜೊತೆಗೆ ಮಗು ಇದೆಯೇ? ಎಂದಿತು ಪರದೆ.
ಎಲ್ಲರನ್ನೂ ಕೇಳುತ್ತದೆ ಅದು.
ಇಲ್ಲ ಎಂದು ಒತ್ತುವುದಕ್ಕೆ
ನನ್ನ ಬೆರಳು ಎಂದಿಗಿಂತ ತಡ ಮಾಡಿತು.
ಕೊನೆಗೆ ಒತ್ತಿದೆ.

ಅವಳು ಬಿಟ್ಟುಹೋದ ಡಬ್ಬಿ ಅಡಿಗೆಮನೆಯಲ್ಲಿ.
ಶುಕ್ರವಾರ ರಾತ್ರಿ, ಪಿಯಾಲೆ ತೊಳೆಯುತ್ತ, ಲೆಕ್ಕ ಹಾಕಿದೆ:
ಏರುವುದಕ್ಕೆ ಇಪ್ಪತ್ತು ನಿಮಿಷ,
ಬೆಟ್ಟದ ಸಾಲಿಗೆ ಇನ್ನು ನಲವತ್ತು,
ಹನ್ನೊಂದೂಕಾಲಿಗೆ ಕೆರೆ ಅವಳ ಎಡಕ್ಕೆ,
ಮುನ್ನೂರು ಮೈಲಿಯೋ, ಇನ್ನೂ ಹೆಚ್ಚೋ.
ಆ ಐದು ನಿಮಿಷ ನಲ್ಲಿ ನಿಲ್ಲಿಸಿದೆ.
ನೆರೆಮನೆಯ ನಾಯಿ ಬೊಗಳಿತು, ಸುಮ್ಮನಾಯಿತು.
ಒಂದು ಎಳೆ ಗಜ್ಜರಿ ಬಾಯಿಗಿಟ್ಟೆ.
ಖಾರ ಹತ್ತುವುದಕ್ಕೆ
ಸ್ವಲ್ಪ ಹೊತ್ತು ಬೇಕಾಯಿತು.